ಇಸಿಜಿ ನಾರ್ಮಲ್ ಅಂದರೆ ಎಷ್ಟು ನಾರ್ಮಲ್?

“ಇಸಿಜಿ ನಾರ್ಮಲ್ ಬಂತಲ್ಲ ಸಾರ್, ಮತ್ತೆ ಎಕೋ ಯಾಕೆ? ಎಕೋನೂ ಚೆನ್ನಾಗಿದೆ ಅಂದ್ರಿ, ಈಗ ಟಿಎಂಟಿ ಅಂತೀರಿ. ಸುಮ್ನೆ ದುಡ್ಡು ಮಾಡೋಕೆ ಅಲ್ವಾ ಇದೆಲ್ಲ?”

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೃದಯ ಪರೀಕ್ಷೆಗಳ ಟೆಕ್ನಿಷಿಯನ್ ಆಗಿ ನಾನು ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ವಾರಕ್ಕೆ ಎರಡು ಸಲವಾದರೂ ಈ ಮಾತು ಕಿವಿಗೆ ಬೀಳುತ್ತದೆ. ಕೇಳಿದವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಬೇಡದ ಪರೀಕ್ಷೆ ಬರೆದುಕೊಡುವ ಜಾಗಗಳೂ ಇವೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಹೆಚ್ಚಿನ ಸಲ ಆಗುವುದೇನೆಂದರೆ, ಯಾವ ಪರೀಕ್ಷೆ ಏನನ್ನು ನೋಡುತ್ತದೆ ಅಂತ ರೋಗಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಒಂದು ಪರೀಕ್ಷೆ ನಾರ್ಮಲ್ ಬಂತು ಅಂದರೆ, ಅದು ನೋಡಿದ್ದು, ನೋಡಿದ ಹೊತ್ತಿನಲ್ಲಿ, ಸರಿಯಾಗಿತ್ತು ಅಂತ ಅಷ್ಟೇ ಅರ್ಥ.

ನಮ್ಮ ಚಿಕ್ಕಪ್ಪನ ವಿಷಯ ಹೇಳುತ್ತೇನೆ. ಒಂದು ಭಾನುವಾರ ರಾತ್ರಿ ಊಟ ಆದ ಮೇಲೆ ಅವರಿಗೆ ಎದೆ ಹಿಂಡಿದ ಹಾಗಾಯಿತು. ಗ್ಯಾಸ್ಟ್ರಿಕ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿದರು. ಕಡಿಮೆ ಆಗಲಿಲ್ಲ. ಮನೆ ಹತ್ತಿರದ ಒಂದು ನರ್ಸಿಂಗ್ ಹೋಮ್‌ಗೆ ಹೋದರು. ಅಲ್ಲಿ ಒಂದು ಇಸಿಜಿ ತೆಗೆದು, ನಾರ್ಮಲ್ ಅಂತ ಹೇಳಿ, ಗ್ಯಾಸ್ ಮಾತ್ರೆ ಕೊಟ್ಟು ಕಳಿಸಿದರು. ಬೆಳಗಿನ ಜಾವ ಮೈಯೆಲ್ಲ ಬೆವರು. ಚಿಕ್ಕಮ್ಮ ನನಗೆ ಫೋನ್ ಮಾಡಿದರು. ನಮ್ಮ ಆಸ್ಪತ್ರೆಗೇ ಕರೆತಂದರು, ನಾನೇ ಇಸಿಜಿ ತೆಗೆದೆ. ಈ ಸಲ ಗೆರೆ ಮೇಲೆದ್ದು ನಿಂತಿತ್ತು. ಹಾರ್ಟ್ ಅಟ್ಯಾಕ್.

ಮೊದಲಿನ ಇಸಿಜಿ ಸುಳ್ಳು ಹೇಳಿರಲಿಲ್ಲ. ಆ ಹತ್ತು ಸೆಕೆಂಡಿನಲ್ಲಿ ಅದಕ್ಕೆ ಕಂಡದ್ದೇ ಅಷ್ಟು. ಅಲ್ಲಿಗೇ ಕೈಬಿಟ್ಟದ್ದು ತಪ್ಪು. ಎದೆನೋವು ಇದ್ದವರಿಗೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಸಿಜಿ ತೆಗೆಯಬೇಕು. ರಕ್ತದಲ್ಲಿ ಟ್ರೋಪೋನಿನ್ ನೋಡಬೇಕು. ಇದು ಹೃದಯದ ಸ್ನಾಯುವಿನ ಒಳಗೆ ಇರುವ ಒಂದು ಪ್ರೋಟೀನ್. ಸ್ನಾಯು ಸಾಯತೊಡಗಿದರೆ ರಕ್ತಕ್ಕೆ ಸೋರುತ್ತದೆ. ಆದರೆ ನೋವು ಬಂದ ತಕ್ಷಣ ಏರುವುದಿಲ್ಲ, ಕೆಲವು ಗಂಟೆ ಹಿಡಿಯುತ್ತದೆ. ಅದಕ್ಕೇ ಎರಡನೇ ಸಲ ರಕ್ತ ತೆಗೆಯುವುದು. “ಒಂದು ಸಲ ತೆಗೆದಿದ್ದಾರಲ್ಲ” ಅಂತ ದಯವಿಟ್ಟು ಬೇಡ ಅನ್ನಬೇಡಿ. ಚಿಕ್ಕಪ್ಪ ಉಳಿದರು. ಅವರ ಹೃದಯದ ಒಂದು ಭಾಗದ ಸ್ನಾಯು ಉಳಿಯಲಿಲ್ಲ.

ಹಾಗಾದರೆ ಇಸಿಜಿ ನೋಡುವುದು ಏನನ್ನು? ಕರೆಂಟನ್ನು. ಹೃದಯ ಬಡಿಯಬೇಕಾದರೆ ಮೊದಲು ಅದರೊಳಗೆ ಒಂದು ಸಣ್ಣ ಕರೆಂಟು ಹರಿಯಬೇಕು. ಅದು ಬಲಗಡೆಯ ಮೇಲಿನ ಕೋಣೆಯಲ್ಲಿ ಹುಟ್ಟುತ್ತದೆ, ನಡುವೆ ಒಂದು ಕಡೆ ಕ್ಷಣ ಹೊತ್ತು ತಡೆಯುತ್ತದೆ, ಆಮೇಲೆ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ತೀರ ಸಣ್ಣ ಪ್ರಮಾಣದಲ್ಲಿ ಅದು ಚರ್ಮದವರೆಗೂ ಬರುತ್ತದೆ. ಕೈಕಾಲಿಗೆ ನಾಲ್ಕು, ಎದೆಗೆ ಆರು, ಹೀಗೆ ಹತ್ತು ಕಡೆ ತಂತಿ ಸಿಕ್ಕಿಸಿ, ಹನ್ನೆರಡು ಕೋನದಿಂದ ಯಂತ್ರ ಗೆರೆ ಎಳೆಯುತ್ತದೆ. ಯಂತ್ರದಿಂದ ಮೈಗೆ ಕರೆಂಟು ಬರುವುದಿಲ್ಲ. ಶಾಕ್ ಹೊಡೆಯುತ್ತದಾ ಅಂತ ಹೆದರಿ ಮೈ ಬಿಗಿಹಿಡಿದು ಮಲಗುವ ಅಜ್ಜಂದಿರು ಜಾಸ್ತಿ. ಮೈ ಬಿಗಿಹಿಡಿದರೆ ಗೆರೆ ನಡುಗುತ್ತದೆ, ಅದಕ್ಕೇ ನಾವು “ಆರಾಮಾಗಿ ಮಲಗಿ” ಅನ್ನುವುದು.

ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಅದರ ಮೇಲಿನ ಒಂದು ದೊಡ್ಡ ಚೌಕ ಅಂದರೆ 0.2 ಸೆಕೆಂಡು. ಎರಡು ಬಡಿತದ ಮೊನೆಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆ ಎಣಿಸಿ. 300ನ್ನು ಆ ಸಂಖ್ಯೆಯಿಂದ ಭಾಗಿಸಿ. ನಾಲ್ಕು ಚೌಕ ಇದ್ದರೆ ನಿಮಿಷಕ್ಕೆ 75 ಬಡಿತ. ಬಡಿತ ಒಂದೇ ಸಮ ಇದ್ದರೆ ಈ ಲೆಕ್ಕ ಸರಿಯಾಗಿ ಬರುತ್ತದೆ. ಮನೆಯಲ್ಲಿ ಹಳೆಯ ಇಸಿಜಿ ಇದ್ದರೆ ಒಮ್ಮೆ ಎಣಿಸಿ ನೋಡಿ. ಅದನ್ನು ಬಿಸಾಡಬೇಡಿ. ಮುಂದೆ ಒಂದು ದಿನ ಎದೆನೋವು ಬಂದು ಆಸ್ಪತ್ರೆಗೆ ಹೋದಾಗ, ಗೆರೆಯಲ್ಲಿ ಕಾಣುವ ಬದಲಾವಣೆ ಹೊಸದೋ ಹಳೆಯದೋ ಅಂತ ಡಾಕ್ಟರಿಗೆ ಹೇಳಬಲ್ಲದ್ದು ಆ ಹಳೆಯ ಕಾಗದವೇ. ನೂರು ವರ್ಷದ ಹಿಂದೆ ಇದೇ ಗೆರೆ ತೆಗೆಸಿಕೊಳ್ಳಲು ರೋಗಿ ಉಪ್ಪುನೀರಿನ ಪಾತ್ರೆಗಳಲ್ಲಿ ಕೈಕಾಲು ಅದ್ದಿ ಕೂರಬೇಕಿತ್ತು. ಆ ಯಂತ್ರ ಮಾಡಿದ ನೆದರ್ಲೆಂಡ್ಸ್‌ನ ಐಂಥೋವನ್ ಅವರಿಗೆ 1924ರಲ್ಲಿ ನೊಬೆಲ್ ಬಂತು. ಈಗ ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಅಲ್ಲಿಂದಲೇ ಕಳಿಸಿ, ಅಟ್ಯಾಕ್ ಅಂತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಅನ್ನು ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಅಂತ ಹೆಸರು. ಹಳ್ಳಿಯಲ್ಲಿ ತಂದೆತಾಯಿ ಇರುವವರು ಇದನ್ನು ತಿಳಿದಿಟ್ಟುಕೊಳ್ಳಿ. ಎದೆನೋವು ಬಂದವರನ್ನು ಕಾರಿನಲ್ಲಿ ಹಾಕಿಕೊಂಡು ನೇರ ಬೆಂಗಳೂರಿಗೆ ಹೊರಟರೆ, ಟ್ರಾಫಿಕ್‌ನಲ್ಲೇ ಅಮೂಲ್ಯವಾದ ಹೊತ್ತು ಕಳೆದುಹೋಗುತ್ತದೆ.

ಐಸಿಯುನಲ್ಲಿ ಮಂಚದ ಪಕ್ಕ ಕುಯ್ಯಿ ಕುಯ್ಯಿ ಅನ್ನುವ ಮಾನಿಟರ್ ಕೂಡ ಒಂದು ಬಗೆಯ ಇಸಿಜಿಯೇ. ಅದು ಬಡಿತದ ಲಯವನ್ನು ಬಿಡದೆ ಕಾಯುತ್ತದೆ. ಆದರೆ ಹನ್ನೆರಡು ಕೋನ ಅದಕ್ಕಿಲ್ಲ. ಒಂದು ರಾತ್ರಿ ಒಬ್ಬ ಹುಡುಗ ಓಡಿ ಬಂದು ನನ್ನ ಕೈ ಹಿಡಿದುಕೊಂಡ. “ಅಣ್ಣಾ, ನಮ್ಮಪ್ಪಂದು ಗೆರೆ ನಿಂತೋಯ್ತು!” ಹೋಗಿ ನೋಡಿದರೆ ಅವರಪ್ಪ ಮಗ್ಗುಲು ತಿರುಗಿ ಮಲಗಿದ್ದಾರೆ, ಎದೆಗೆ ಅಂಟಿಸಿದ್ದ ಸ್ಟಿಕ್ಕರ್ ಕಿತ್ತು ಬಂದಿದೆ. ಪಕ್ಕದಲ್ಲೇ ನಾಡಿ ತೋರಿಸುವ ಬೆರಳಿನ ಕ್ಲಿಪ್ಪಿನ ಗೆರೆ ಚೆನ್ನಾಗಿ ಕುಣಿಯುತ್ತಿತ್ತು. ಹಾಗಂತ ಸದ್ದಾದಾಗ ನೀವೇ ತೀರ್ಮಾನಕ್ಕೆ ಬರಬೇಡಿ, ಸಿಸ್ಟರ್‌ನ ಕರೆಯಿರಿ. ಗೆರೆಗಿಂತ ಮೊದಲು ಮಲಗಿದವರ ಮುಖ ನೋಡಿ.

ಎಕೋಗೆ ಬರೋಣ. ಇದು ಶಬ್ದದಿಂದ ಚಿತ್ರ ಬಿಡಿಸುವ ಪರೀಕ್ಷೆ. ಬಸುರಿಯರಿಗೆ ಮಾಡುವ ಸ್ಕ್ಯಾನ್ ತರಹವೇ, ಎಕ್ಸ್‌ರೇ ಇಲ್ಲ, ನೋವಿಲ್ಲ. ಗೋಡೆ ಎಷ್ಟು ದಪ್ಪ, ಕವಾಟ ಸರಿಯಾಗಿ ತೆರೆದು ಮುಚ್ಚುತ್ತಿದೆಯಾ, ಯಾವ ಗೋಡೆ ಕುಗ್ಗದೆ ನಿಂತಿದೆ, ಸುತ್ತ ನೀರು ತುಂಬಿದೆಯಾ, ಇವೆಲ್ಲ ಓಡುವ ಚಿತ್ರವಾಗಿ ಕಾಣುತ್ತವೆ.

ಇದರ ರಿಪೋರ್ಟಿನಲ್ಲಿ ಇಎಫ್ ಅಂತ ಒಂದು ಸಂಖ್ಯೆ ಇರುತ್ತದೆ. ಅದು ಎಷ್ಟು ಜನರ ನಿದ್ದೆ ಕೆಡಿಸಿದೆಯೋ! ಒಬ್ಬ ತಾಯಿ ಮಗನ ರಿಪೋರ್ಟ್ ಹಿಡಿದು ಕಾರಿಡಾರಿನಲ್ಲೇ ಕೂತು ಅಳುತ್ತಿದ್ದರು. ಇಎಫ್ 60 ಪರ್ಸೆಂಟ್ ಅಂತಿತ್ತು. ಉಳಿದ 40 ಪರ್ಸೆಂಟ್ ಹೃದಯ ಹೋಗಿಯೇಬಿಟ್ಟಿದೆ ಅಂತ ಅವರು ತಿಳಿದಿದ್ದರು. ಹಾಗಲ್ಲ. ಎಡಗಡೆ ಕೆಳಗಿನ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ ಅದು. ಯಾರ ಹೃದಯವೂ ಪೂರ್ತಿ ಖಾಲಿ ಆಗುವುದಿಲ್ಲ. ಗಟ್ಟಿಮುಟ್ಟಾದವರಲ್ಲೂ ಅದು ಸುಮಾರು 55ರಿಂದ 70ರ ಒಳಗೇ ಇರುತ್ತದೆ. 40ಕ್ಕಿಂತ ಕೆಳಗೆ ಬಂದರೆ ಪಂಪು ಸೋತಿದೆ ಅಂತ. ಆ ತಾಯಿಗೆ ಇದನ್ನು ಹೇಳಲು ನನಗೆ ಎರಡು ನಿಮಿಷ ಹಿಡಿಯಿತು. ರಿಪೋರ್ಟ್ ಕೈಗೆ ಕೊಡುವಾಗಲೇ ಯಾರಾದರೂ ಹೇಳಿದ್ದರೆ ಅವರು ಅಷ್ಟು ಅಳಬೇಕಿರಲಿಲ್ಲ.

ಆದರೆ ಎಕೋಗೂ ಕಾಣದ ಒಂದು ಮುಖ್ಯ ವಿಷಯ ಇದೆ. ಹೃದಯಕ್ಕೇ ರಕ್ತ ಕೊಡುವ ನಾಳಗಳ ಒಳಗಿನ ಬ್ಲಾಕು. ಕೂತಾಗ ಮಲಗಿದಾಗ ಅರ್ಧ ಮುಚ್ಚಿದ ನಾಳದಲ್ಲೂ ಸಾಕಷ್ಟು ರಕ್ತ ಹರಿಯುತ್ತದೆ, ಹಾಗಾಗಿ ಇಸಿಜಿಯೂ ಎಕೋನೂ ನಾರ್ಮಲ್ ಬರಬಹುದು. ಮೆಟ್ಟಿಲು ಹತ್ತಿದಾಗ ಬಂಡವಾಳ ಬಯಲಾಗುತ್ತದೆ. ಟಿಎಂಟಿ ಮಾಡುವುದು ಅದಕ್ಕೇ. ಓಡುವ ಬೆಲ್ಟಿನ ಮೇಲೆ ನಡೆಸುತ್ತೇವೆ, ಮೂರು ಮೂರು ನಿಮಿಷಕ್ಕೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತೇವೆ. ಮೂರನೇ ಹಂತಕ್ಕೆ ಬರುವಾಗ ಲಾಲ್‌ಬಾಗ್ ಬಂಡೆಯನ್ನು ದಾಪುಗಾಲಲ್ಲಿ ಹತ್ತಿದ ಹಾಗೆ ಏದುಸಿರು. 220ರಲ್ಲಿ ವಯಸ್ಸು ಕಳೆದು, ಉಳಿದದ್ದರ 85 ಪರ್ಸೆಂಟ್ ಬಡಿತ ಮುಟ್ಟಿಸುವುದು ಗುರಿ. ಐವತ್ತರವರಿಗೆ ಸುಮಾರು 145. ಎದೆ ಹಿಡಿದ ಹಾಗಾದರೆ, ತಲೆ ಸುತ್ತಿದರೆ ತಡೆದುಕೊಂಡು ನಡೆಯಬೇಡಿ, ಬಾಯಿಬಿಟ್ಟು ಹೇಳಿ. ಇದು ಪಂದ್ಯ ಅಲ್ಲ. ಟಿಎಂಟಿಯೂ ಕೆಲವೊಮ್ಮೆ ಎಡವುತ್ತದೆ. ಹೆಂಗಸರಲ್ಲಿ ಬ್ಲಾಕು ಇಲ್ಲದಿದ್ದರೂ ಪಾಸಿಟಿವ್ ಬರುವುದು ಜಾಸ್ತಿ. ಇನ್ನು ಸಣ್ಣ ಬ್ಲಾಕು ಇದಕ್ಕೆ ಸಿಗುವುದೇ ಇಲ್ಲ. ಆ ಸಣ್ಣ ಬ್ಲಾಕಿನ ಮೇಲ್ಪದರ ಒಂದು ದಿನ ಒಡೆದು ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದೇ ಅಟ್ಯಾಕ್. ಹೋದ ತಿಂಗಳು ಟಿಎಂಟಿ ನಾರ್ಮಲ್ ಇದ್ದವರಿಗೆ ಈ ತಿಂಗಳು ಹೀಗಾಯಿತಲ್ಲ ಅಂತ ಜನ ಆಶ್ಚರ್ಯಪಡುವುದು ಇಂಥ ಕಡೆಯೇ.

ನಾಳದ ಒಳಗನ್ನೇ ನೋಡಬೇಕಾದರೆ ಎರಡು ದಾರಿ. ಸಿಟಿ ಆಂಜಿಯೋ ಒಂದು. ನಾಳ ಚಿತ್ರದಲ್ಲಿ ಎದ್ದು ಕಾಣುವ ಹಾಗೆ ಮಾಡುವ ಔಷಧಿಯನ್ನು ತೋಳಿನ ನರಕ್ಕೆ ಬಿಟ್ಟು, ಉಸಿರು ಹಿಡಿಸಿ, ಕೆಲವೇ ಸೆಕೆಂಡಿನಲ್ಲಿ ಚಿತ್ರ ತೆಗೆಯುತ್ತಾರೆ. ಬಡಿತ ಜೋರಾಗಿದ್ದರೆ ಚಿತ್ರ ಅಲುಗುತ್ತದೆ, ಅದಕ್ಕೆ ಮೊದಲೇ ಮಾತ್ರೆ ಕೊಟ್ಟು ಇಳಿಸುತ್ತಾರೆ. ಔಷಧಿ ಹೋಗುವಾಗ ಮೈಯೆಲ್ಲ ಬಿಸಿಯಾಗಿ ಮೂತ್ರ ಹೋಯಿತೇನೋ ಅನ್ನಿಸುತ್ತದೆ. ಹೋಗಿರುವುದಿಲ್ಲ, ಗಾಬರಿ ಬೇಡ. ಇನ್ನೊಂದು, ಕ್ಯಾಥ್ ಲ್ಯಾಬ್‌ನಲ್ಲಿ ಮಾಡುವ ಆಂಜಿಯೋಗ್ರಾಮ್. ಮಣಿಕಟ್ಟಿನಿಂದ ತೆಳ್ಳನೆಯ ಕೊಳವೆ ತೂರಿಸಿ ಹೃದಯದ ನಾಳಕ್ಕೇ ಔಷಧಿ ಬಿಡುತ್ತಾರೆ. ಬ್ಲಾಕು ಸಿಕ್ಕಿದರೆ ಅದೇ ದಾರಿಯಲ್ಲಿ ಸ್ಟೆಂಟ್ ಹಾಕಲೂಬಹುದು. ಎರಡರಲ್ಲೂ ಬಳಸುವ ಔಷಧಿ ಕಿಡ್ನಿಗೆ ಭಾರ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟಿದೆ, ಸಕ್ಕರೆಗೆ ಮೆಟ್‌ಫಾರ್ಮಿನ್ ತಗೊಳ್ತೀರಾ, ಹಿಂದೆ ಯಾವುದಕ್ಕಾದರೂ ಅಲರ್ಜಿ ಆಗಿತ್ತಾ ಅಂತ ಅವರು ಕೇಳದಿದ್ದರೂ ನೀವೇ ಹೇಳಿ.

2021ರ ಅಕ್ಟೋಬರ್ 29ರಂದು ಅಪ್ಪು ತೀರಿಹೋದ ಮೇಲೆ ಈ ಊರಿನ ಜನ ಹೃದಯ ಪರೀಕ್ಷೆಗೆ ಸಾಲುಗಟ್ಟಿ ನಿಂತರು. 46 ವರ್ಷ, ಕಸರತ್ತಿನ ಮೈ, ಅವರಿಗೇ ಹೀಗಾದರೆ ನಮ್ಮ ಗತಿಯೇನು ಅಂತ. ಬನ್ನೇರುಘಟ್ಟ ರಸ್ತೆಯ ಜಯದೇವ ಆಸ್ಪತ್ರೆಯ ಮುಂದಿನ ಸಾಲು ಟಿವಿಯಲ್ಲೆಲ್ಲ ಬಂತು. ನಮ್ಮ ವಿಭಾಗಕ್ಕೂ ಇಪ್ಪತ್ತೈದರ ಹುಡುಗರು ಬಂದು “ಎಲ್ಲ ಟೆಸ್ಟ್ ಮಾಡಿಬಿಡಿ” ಅಂದರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಏನೂ ತೊಂದರೆ ಇಲ್ಲದವರು ಇರುವ ಸ್ಕ್ಯಾನುಗಳನ್ನೆಲ್ಲ ಮಾಡಿಸುವುದರಲ್ಲಿ ನನಗೆ ನಂಬಿಕೆ ಇಲ್ಲ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೀಗಾಗಿತ್ತಾ ಅಂತ ಡಾಕ್ಟರಿಗೆ ಹೇಳಿ. ಮುಂದಿನ ಪರೀಕ್ಷೆ ಯಾವುದು ಅಂತ ಅಲ್ಲಿಂದ ತೀರ್ಮಾನವಾಗಲಿ.

ಈಗ ಇನ್ನೊಂದು ಬಗೆಯ ತೊಂದರೆ. ತಲೆ ಸುತ್ತಿ ಬೀಳುತ್ತಾರೆ, ಆಸ್ಪತ್ರೆಗೆ ಬರುವಷ್ಟರಲ್ಲಿ ಎಲ್ಲ ಸರಿ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಇಸಿಜಿ ಕೈಗೆ ಸಿಗುವುದು ಅದರಲ್ಲಿ ಹತ್ತೋ ಹನ್ನೆರಡೋ. ಅದಕ್ಕಾಗಿ ಹೋಲ್ಟರ್. ಬಿಡದೆ ಇಸಿಜಿ ಬರೆದುಕೊಳ್ಳುವ ಸಣ್ಣ ಪೆಟ್ಟಿಗೆಯನ್ನು ಸೊಂಟಕ್ಕೆ ಕಟ್ಟಿಕೊಂಡು 24 ಅಥವಾ 48 ಗಂಟೆ ಎಂದಿನ ಹಾಗೆ ಓಡಾಡಿಕೊಂಡಿರುವುದು. ಜೊತೆಗೆ ಒಂದು ಚೀಟಿ ಕೊಡುತ್ತೇವೆ, ಏನಾಯಿತು, ಎಷ್ಟು ಗಂಟೆಗೆ ಅಂತ ಬರೆಯಲು. ಹೆಚ್ಚಿನವರು ಖಾಲಿ ಚೀಟಿ ವಾಪಸ್ ತರುತ್ತಾರೆ. ಒಬ್ಬ ಮೇಡಂ “4.10, ಬಿಎಂಟಿಸಿ ಬಸ್ ಹಿಡಿಯಲು ಓಡಿದೆ. 4.25, ಸೀಟಲ್ಲಿ ಕೂತಿದ್ದೆ, ಎದೆ ಡವಡವ” ಅಂತ ಬರೆದು ತಂದಿದ್ದರು. ಆ ಎರಡನೇ ಸಾಲೇ ಅವರ ಕಾಯಿಲೆ ಹಿಡಿದುಕೊಟ್ಟಿತು. ಓಡಿದಾಗ ಬಡಿತ ಏರುವುದು ಸಹಜ. ಕೂತಾಗ 170ಕ್ಕೆ ಹಾರಿದ್ದು ಸಹಜ ಅಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬೀಳುವವರಿಗೆ ಎರಡು ದಿನದ ಹೋಲ್ಟರ್ ಸಾಲದು. ಅಂಥವರಿಗೆ ಎದೆಯ ಚರ್ಮದ ಕೆಳಗೆ ಒಂದು ಪುಟ್ಟ ಲೂಪ್ ರೆಕಾರ್ಡರ್ ಇಟ್ಟರೆ ವರ್ಷಗಟ್ಟಲೆ ಕಾದು ಕೂರುತ್ತದೆ.

ಬಡಿತ ತೀರ ನಿಧಾನವಾಗಿ ಬೀಳುತ್ತಿದ್ದಾರೆ ಅಂತ ಗೊತ್ತಾದರೆ, ಅಲ್ಲಿಂದ ಪೇಸ್‌ಮೇಕರ್‌ಗೆ ಒಂದೇ ಹೆಜ್ಜೆ. ತಂತಿಯ ಮೂಲಕ ಸಣ್ಣ ಕರೆಂಟು ಕೊಟ್ಟು ಹೃದಯ ಬಡಿಯುವ ಹಾಗೆ ಮಾಡುವ ಪೆಟ್ಟಿಗೆ ಅದು. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಅನ್ನುವವರಿಗೆ ಮೊದಲ ಬಾರಿಗೆ ಪೂರ್ತಿ ಮೈಯೊಳಗೆ ಇಡುವ ಪೇಸ್‌ಮೇಕರ್ ಹಾಕಿದರು. ಅದರ ಅಚ್ಚು ಒಂದು ಶೂ ಪಾಲಿಶ್ ಡಬ್ಬಿ. ಕೆಲವೇ ಗಂಟೆಯಲ್ಲಿ ಅದು ನಿಂತಿತು, ಇನ್ನೊಂದು ಹಾಕಿದರು. ಹೀಗೆ ಜೀವನದಲ್ಲಿ 26 ಪೇಸ್‌ಮೇಕರ್ ಬದಲಾಯಿಸಿಕೊಂಡು ಅವರು 86 ವರ್ಷ ಬದುಕಿದರು. ಅದನ್ನು ಮಾಡಿದ ಎಂಜಿನಿಯರ್, ಹಾಕಿದ ಸರ್ಜನ್ ಇಬ್ಬರಿಗಿಂತ ಹೆಚ್ಚು ಕಾಲ ಇದ್ದರು. ಈಗಿನವು ಬೆಂಕಿಪೊಟ್ಟಣದಷ್ಟು ಚಿಕ್ಕವು, ಬ್ಯಾಟರಿ ಸಾಮಾನ್ಯವಾಗಿ 8ರಿಂದ 12 ವರ್ಷ ಬರುತ್ತದೆ.

ಮಾಗಡಿ ಕಡೆಯ ಒಬ್ಬ ಅಜ್ಜಿ ವರ್ಷಕ್ಕೊಮ್ಮೆ ನನ್ನ ಹತ್ತಿರ ಚೆಕಪ್‌ಗೆ ಬರುತ್ತಾರೆ. ರೇಷನ್ ಕಾರ್ಡು, ಆಧಾರ್, ಪೇಸ್‌ಮೇಕರ್ ಕಾರ್ಡು ಮೂರನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾರೆ. ಕೂತ ತಕ್ಷಣ ಅದೇ ಪ್ರಶ್ನೆ. “ಏನಪ್ಪಾ, ಬ್ಯಾಟ್ರಿ ಇನ್ನಾ ಎಷ್ಟ್ ವರ್ಸ ಬತ್ತದೆ?”

ಅವರ ಎದೆಯ ಮೇಲೆ ಒಂದು ಚಪ್ಪಟೆ ಸಾಧನ ಇಡುತ್ತೇನೆ. ಅದು ಚರ್ಮದ ಮೇಲಿನಿಂದಲೇ ಪೇಸ್‌ಮೇಕರ್ ಜೊತೆ ಮಾತಾಡುತ್ತದೆ. ಮೊದಲು ಬ್ಯಾಟರಿ ನೋಡುತ್ತೇನೆ. ಆಮೇಲೆ ತಂತಿ. ಕರೆಂಟಿಗೆ ತಂತಿ ಎಷ್ಟು ಅಡ್ಡಿ ಒಡ್ಡುತ್ತದೆ ಅನ್ನುವುದು ಓಮ್‌ಗಳಲ್ಲಿ ಬರುತ್ತದೆ. ಹೋದ ವರ್ಷ 500 ಇದ್ದದ್ದು ಈಗ 2000 ದಾಟಿದರೆ ತಂತಿ ಒಳಗೆಲ್ಲೋ ತುಂಡಾಗಿರಬಹುದು. 200ಕ್ಕಿಂತ ಕೆಳಗೆ ಬಿದ್ದರೆ ಮೇಲಿನ ಹೊದಿಕೆ ಸವೆದಿರಬಹುದು. ಅಜ್ಜಿಯದು 520. ಮೂರನೆಯದು ಮುಖ್ಯವಾದದ್ದು. “ಅಜ್ಜಿ, ಒಂದ್ ಗಳಿಗೆ ತಲೆ ಹಗುರ ಆದಂಗೆ ಆಗಬಹುದು, ಹೆದರ್ಬೇಡಿ” ಅಂತ ಹೇಳಿ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತೇನೆ. 1.5, 1.25, 1. ಒಂದೊಂದು ಏಟಿಗೂ ಹೃದಯ ಓಗೊಡುತ್ತದೆ. 0.75ಕ್ಕೂ ಓಗೊಟ್ಟಿತು. 0.5ಕ್ಕೆ ಇಲ್ಲ. ಪರದೆಯ ಮೇಲೆ ಪೇಸ್‌ಮೇಕರಿನ ಗೀಟು ಒಂಟಿಯಾಗಿ ನಿಂತಿತು, ಅದರ ಹಿಂದೆ ಬಡಿತ ಇಲ್ಲ. ತಕ್ಷಣ ನಿಲ್ಲಿಸಿದೆ. ಅಂದರೆ ಅವರ ಹೃದಯಕ್ಕೆ ಕನಿಷ್ಠ 0.75 ವೋಲ್ಟ್ ಬೇಕು. ಅದರ ಎರಡರಷ್ಟೋ ಇನ್ನೂ ಸ್ವಲ್ಪ ಜಾಸ್ತಿಯೋ ಇಟ್ಟರೆ ಸುರಕ್ಷಿತ. ಸುಮ್ನೆ ವಿಪರೀತ ಜಾಸ್ತಿ ಇಟ್ಟರೆ ಬ್ಯಾಟರಿ ಬೇಗ ಮುಗಿಯುತ್ತದೆ. ಅಜ್ಜಿಗೆ ವರ್ಷಕ್ಕೊಮ್ಮೆ ಬನ್ನಿ ಅನ್ನುವುದು ಈ ಲೆಕ್ಕಕ್ಕಾಗಿ.

ಪೆಟ್ಟಿಗೆಯ ನೆನಪಿನಲ್ಲೂ ತುಂಬ ಇರುತ್ತದೆ. ಎಷ್ಟು ಬಡಿತ ಹೃದಯದ್ದು, ಎಷ್ಟು ಪೇಸ್‌ಮೇಕರಿನದು. ಯಾವ ದಿನ, ಎಷ್ಟು ಹೊತ್ತು ಮೇಲಿನ ಕೋಣೆ ಲಯ ತಪ್ಪಿತ್ತು. ಹಾಗೆ ಲಯ ತಪ್ಪಿದಾಗ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ. ರೋಗಿಗೆ ಏನೂ ಗೊತ್ತಾಗದೇ ಇದ್ದದ್ದು ಚೆಕಪ್‌ನಲ್ಲಿ ಸಿಕ್ಕಿ, ಡಾಕ್ಟರು ರಕ್ತ ತೆಳು ಮಾಡುವ ಮಾತ್ರೆ ಶುರು ಮಾಡಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಒಂದು ಮಾತು ನೆನಪಿರಲಿ. ಪೇಸ್‌ಮೇಕರ್ ನೋಡಿಕೊಳ್ಳುವುದು ಕರೆಂಟನ್ನು. ನಾಳದ ಬ್ಲಾಕನ್ನು ಅದು ತಡೆಯುವುದಿಲ್ಲ. ಪೇಸ್‌ಮೇಕರ್ ಇದ್ದವರಿಗೂ ಎದೆನೋವು ಬಂದರೆ ಓಡಲೇಬೇಕು.

ಈಗ ಕೆಲವು ಸಾಧನಗಳ ಜೊತೆ ಮನೆಯಲ್ಲಿ ಹಾಸಿಗೆ ಪಕ್ಕ ಇಡುವ ಒಂದು ಪೆಟ್ಟಿಗೆ, ಇಲ್ಲವೇ ಮೊಬೈಲ್ ಆ್ಯಪ್ ಬರುತ್ತದೆ. ರಾತ್ರಿ ಮಲಗಿದಾಗ ಅದು ಮಾಹಿತಿ ಎಳೆದುಕೊಂಡು ಆಸ್ಪತ್ರೆಗೆ ಕಳಿಸುತ್ತದೆ. ದೂರದೂರಿನವರಿಗೆ, ಅದರಲ್ಲೂ ಐಸಿಡಿ, ಅಂದರೆ ಲಯ ಅಪಾಯಕ್ಕೆ ತಿರುಗಿದಾಗ ಒಳಗಿನಿಂದಲೇ ಶಾಕ್ ಕೊಟ್ಟು ಸರಿಮಾಡುವ ಸಾಧನ, ಇರುವವರಿಗೆ ಇದರಿಂದ ಬಹಳ ಉಪಯೋಗ. ತಂತಿ ಕೆಟ್ಟ ಸುಳಿವು ಮುಂದಿನ ಚೆಕಪ್‌ವರೆಗೆ ಕಾಯದೆ ಸಿಗುತ್ತದೆ. ಆದರೆ ಆ ಕಡೆ ಯಾರೋ ಹಗಲು ರಾತ್ರಿ ನಿಮ್ಮ ಗೆರೆಯನ್ನೇ ನೋಡುತ್ತ ಕೂತಿರುತ್ತಾರೆ ಅಂತ ತಿಳಿಯಬೇಡಿ. ಬಂದ ಮಾಹಿತಿಯನ್ನು ನಾವು ಕೆಲಸದ ಹೊತ್ತಿನಲ್ಲಿ ನೋಡುತ್ತೇವೆ. ತಲೆ ಸುತ್ತಿ ಬಿದ್ದರೆ, ಐಸಿಡಿ ಮತ್ತೆ ಮತ್ತೆ ಶಾಕ್ ಹೊಡೆದರೆ 108ಕ್ಕೆ ಫೋನ್ ಮಾಡಬೇಕು.

ದಿನದ ಬದುಕಿನ ವಿಷಯ ಬೇಗ ಹೇಳಿಬಿಡುತ್ತೇನೆ. ಮೊಬೈಲನ್ನು ಎದೆಯ ಜೇಬಿನಲ್ಲಿ ಇಡಬೇಡಿ, ಪೇಸ್‌ಮೇಕರಿನಿಂದ ಒಂದು ಗೇಣು ದೂರ ಇರಲಿ. ಇಂಡಕ್ಷನ್ ಒಲೆಯಿಂದ ಎರಡು ಅಡಿ. ಮೆಟ್ರೋ ಬಾಗಿಲಿನ ಡಿಟೆಕ್ಟರ್ ಕೆಳಗೆ ನಿಲ್ಲದೆ ದಾಟಿ ಹೋಗಿ. ಕೈಯಲ್ಲಿ ಹಿಡಿದು ನೋಡುವ ಯಂತ್ರವನ್ನು ಎದೆಯ ಮೇಲೆ ಆಡಿಸಬೇಡಿ ಅಂತ ಕಾರ್ಡು ತೋರಿಸಿ ಹೇಳಿ. ಎಂಆರ್‌ಐ ಬೇಕಾದರೆ, ಪೆಟ್ಟಿಗೆ ಮತ್ತು ತಂತಿ ಎರಡೂ ಅದಕ್ಕೆ ಹೊಂದುವ ಮಾದರಿಯವೇ ಅಂತ ನೋಡಬೇಕು. ಹೊಂದುತ್ತದೆ ಅಂದರೂ ಸ್ಕ್ಯಾನಿಗೆ ಮೊದಲು ಪೇಸ್‌ಮೇಕರನ್ನು ಎಂಆರ್‌ಐಗೆ ಹೊಂದುವ ಸೆಟ್ಟಿಂಗ್‌ಗೆ ಹಾಕಿ, ಮುಗಿದ ಮೇಲೆ ಮೊದಲಿನ ಹಾಗೆ ಮಾಡಬೇಕು. ಎಂಆರ್‌ಐ ಬಾಗಿಲಲ್ಲಿ ನಿಂತು “ಓ, ಪೇಸ್‌ಮೇಕರ್ ಇದೆ” ಅಂತ ನೆನಪಾಗಬಾರದು.

ಅಜ್ಜಿಯ ಪ್ರಶ್ನೆಗೆ ಬರುತ್ತೇನೆ. “ಇನ್ನೂ ಆರು ವರ್ಷ ಬರುತ್ತೆ ಅಜ್ಜಿ” ಅಂದೆ. ಬ್ಯಾಟರಿ ಕೊನೆಗೆ ಬಂದಾಗ ಸಾಧನವೇ ಮೊದಲು ಸೂಚನೆ ಕೊಡುತ್ತದೆ, ಆಮೇಲೂ ಸಾಮಾನ್ಯವಾಗಿ ಮೂರು ತಿಂಗಳಷ್ಟು ಸಮಯ ಇರುತ್ತದೆ. ಚಾರ್ಜ್ ಮಾಡಲು ಬರುವುದಿಲ್ಲ, ಪೆಟ್ಟಿಗೆ ಬದಲಾಯಿಸಬೇಕು. ತಂತಿ ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಳ್ಳುತ್ತಾರೆ. ಅಜ್ಜಿ ನಕ್ಕರು. “ಅಷ್ಟ್ರಲ್ಲಿ ನಾನೇ ಹೊಂಟೋಗಿರ್ತೀನಿ ಬುಡು ಮಗಾ.”

ಅವರ ಮಗನನ್ನು ಆಚೆ ಕರೆದು ಇನ್ನೊಂದು ವಿಷಯ ಹೇಳಿದೆ. ಹೇಳಲು ಕಷ್ಟ, ಆದರೆ ಯಾರೂ ಹೇಳುವುದಿಲ್ಲ. ಪೇಸ್‌ಮೇಕರ್ ಇದ್ದವರು ತೀರಿಕೊಂಡು, ದಹನ ಮಾಡುವುದಾದರೆ, ಮೊದಲು ಅದನ್ನು ತೆಗೆಸಬೇಕು. ಅದರ ಬ್ಯಾಟರಿ ಗಟ್ಟಿಯಾಗಿ ಮುಚ್ಚಿರುತ್ತದೆ, ಬೆಂಕಿಯ ಶಾಖಕ್ಕೆ ಸಿಡಿಯುತ್ತದೆ. ವಿದ್ಯುತ್ ಚಿತಾಗಾರದಲ್ಲಾಗಲಿ ಸೌದೆಯಲ್ಲಾಗಲಿ ಹತ್ತಿರ ಇದ್ದವರಿಗೆ ಅಪಾಯ. ಆಸ್ಪತ್ರೆಯಲ್ಲಿ ಕೇಳಿದರೆ ಕೆಲವೇ ನಿಮಿಷದಲ್ಲಿ ತೆಗೆದುಕೊಡುತ್ತಾರೆ. ಐಸಿಡಿ ಆದರೆ ಮೊದಲು ಅದನ್ನು ಆಫ್ ಮಾಡಿಸಬೇಕು, ಇಲ್ಲದಿದ್ದರೆ ಮುಟ್ಟಿದವರಿಗೆ ಶಾಕ್ ಹೊಡೆಯಬಹುದು. ಮಗ ಸುಮ್ಮನೆ ಕೇಳಿಸಿಕೊಂಡ. ಆಮೇಲೆ ಒಳಗೆ ಹೋಗಿ ಅಜ್ಜಿಯ ಸೊಂಟದ ಕವರನ್ನು ಕೇಳಿ ತೆಗೆದುಕೊಂಡು, ಪೇಸ್‌ಮೇಕರ್ ಕಾರ್ಡಿನ ಎರಡೂ ಬದಿಯನ್ನು ತನ್ನ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ.